ಹಣ್ಣಿನೊಳಗಿನ ಜೀವ

1974ನೆಯ ಇಸವಿಯ ವೈಶಾಖ ಮಾಸ. ಬೆಳಗಾವಿಯ ಕಡೆಯಿಂದ ಸೋಂದೆಯತ್ತ ವಿಹಾರ ಮಾಡುತ್ತಿದ್ದ ದಿಗಂಬರ ಮುನಿಮಹಾರಾಜರೊಬ್ಬರು ಹಳಿಯಾಳದಲ್ಲಿ ಎರಡು ದಿನ ತಂಗಿದ್ದರು. ಎರಡನೆಯ ದಿನ ಅವರ ಆಹಾರದ ವಿಧಿ ನಮ್ಮ ಮನೆಯ ಬಾಗಿಲಲ್ಲಿ ಕೂಡಿಬಂದಿತು. ಪ್ರತಿಗ್ರಹಣ, ಪಾದಪ್ರಕ್ಷಾಲನ, ಅರ್ಚನೆಗಳು ಯಥಾವಿಧಿ ನಡೆದವು. ಅಡುಗೆಮನೆಯಲ್ಲಿ ಹಣ್ಣಿನ ಹೊಣೆ ನನ್ನದಾಗಿತ್ತು. ಆಗ ನನಗೆ ಹದಿನೆಂಟು ವರ್ಷ. ಮುಂಡಗೋಡದ ಕಡೆಯ ತೋಟದಿಂದ ತರಿಸಿದ್ದ ಆಪೂಸು ಹಣ್ಣುಗಳಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲದ ನಾಲ್ಕನ್ನು ಆಯ್ದು, ತೊಳೆದು, ಹೆಚ್ಚಿ, ಹೋಳುಗಳನ್ನು ಬಿಸಿ ಮಾಡಿ ಪ್ರಾಸುಕಗೊಳಿಸಿ ಪಾತ್ರೆಯಲ್ಲಿರಿಸಿದ್ದೆ. ಹೆಚ್ಚುವಾಗ ನೋಡಿಯೂ ಇದ್ದೆ. ನೋಡಿದ್ದೆನೆಂದು ಇಂದಿಗೂ ಹೇಳಬಲ್ಲೆ.

ಮಹಾರಾಜರು ನಿಂತು, ಅಂಜಲಿಯಲ್ಲಿ ಆಹಾರವನ್ನು ಸ್ವೀಕರಿಸುತ್ತಾ, ಪ್ರತಿ ತುತ್ತನ್ನೂ ಹೆಬ್ಬೆರಳಿನಿಂದ ಹೊರಳಿಸಿ ನೋಡುತ್ತಿದ್ದರು. ಹಣ್ಣು ಬಡಿಸಿದ ಮೂರನೆಯ ಸಲ ಆ ಹೆಬ್ಬೆರಳು ನಿಂತಿತು. ಹೋಳಿನ ನಡುವೆ ಅಕ್ಕಿಯ ಅರ್ಧ ಕಾಳಿನಷ್ಟು ಉದ್ದದ, ಹಣ್ಣಿನ ತಿರುಳಿಗಿಂತ ತುಸು ಬಿಳಿದಾದ ಹುಳುವೊಂದು ಸತ್ತು ಬಿದ್ದಿತ್ತು. ಮಹಾರಾಜರು ಅಂಜಲಿಯನ್ನು ಬಿಡಿಸಿದರು. ಕೈ ತೊಳೆದು ಕುಳಿತರು. ಅಂತರಾಯವಾಗಿತ್ತು. ಅವರ ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ಆಶೀರ್ವದಿಸಿ, ಪಿಂಛಿ ಕಮಂಡಲುಗಳೊಡನೆ ಹೊರಟುಹೋದರು. ಆ ಬಿಸಿಲಿನಲ್ಲಿ ಇಪ್ಪತ್ತನಾಲ್ಕು ತಾಸು ಅವರಿಗೆ ನೀರೂ ಇಲ್ಲ.

ಮನೆಯಲ್ಲಿ ಸೂತಕದಂಥ ಮೌನ ಕವಿಯಿತು. ಅವ್ವ ಅಂದು ಒಲೆ ಹೊತ್ತಿಸಲಿಲ್ಲ. ಹಿರಿಯರು ತಪ್ಪು ಯಾರದೆಂಬ ವಿಚಾರಣೆಗೆ ತೊಡಗಿದರು: ಹಣ್ಣು ಕೊಟ್ಟವನದೇ, ಹೆಚ್ಚಿದವನದೇ, ಕಿಟಕಿಯಿಲ್ಲದ ಅಡುಗೆಮನೆಯದೇ? ತಂದೆಯವರ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದ ಮುದುಕಿ, ಹಿತ್ತಿಲ ಬಾಗಿಲಲ್ಲಿ ಕುಳಿತಿದ್ದವಳು, ಬಹಳ ಹೊತ್ತಿನ ಮೇಲೆ ಹೀಗೆಂದಳು: "ಮಹಾರಾಜರಿಗೆ ನಾಳಿಗೆ ಆದ್ರೂ ಆಹಾರ ಐತಿ. ಅದಕ್ಕ ನಾಳೆ ಎಲ್ಲೈತ್ಯೋ ಮಗಾ?"

ಆಕೆ 'ಅದು' ಎಂದದ್ದು ಹುಳುವನ್ನೆಂದು ನನಗೆ ತಿಳಿಯಲು ಕ್ಷಣಕಾಲ ಬೇಕಾಯಿತು. ನಾವೆಲ್ಲರೂ ಒಂದು ಅಂತರಾಯಕ್ಕಾಗಿ ಶೋಕಿಸುತ್ತಿದ್ದೆವು. ಆಕೆ ಎರಡನ್ನು ಎಣಿಸಿದ್ದಳು. ಎರಡನೆಯದನ್ನು ಉಂಟುಮಾಡಿದ್ದು ನನ್ನ ಕೈಯ ಬಿಸಿಪಾತ್ರೆ.

ಈ ಪ್ರಸಂಗವನ್ನು ಆತ್ಮಕಥೆಗಾಗಿ ಹೇಳುತ್ತಿಲ್ಲ. ಹಣ್ಣಿನಲ್ಲಿ ಹುಳುವನ್ನು ಕಂಡಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದನ್ನು ತಿನ್ನಬಹುದೇ, ಬಾರದೇ? ಭಕ್ಷ್ಯ–ಅಭಕ್ಷ್ಯಗಳ ವಿವೇಚನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆಯೆಂದು ಅನೇಕರು ತಿಳಿದಿದ್ದಾರೆ. ಆಯಿಯ ಪ್ರಶ್ನೆ ಬೇರೆಯದು. ಅದನ್ನು ಆಚಾರ್ಯರ ಮಾತುಗಳ ಮುಂದಿಟ್ಟು ನೋಡಬೇಕೆಂದು ಬಹುಕಾಲದಿಂದ ಅನ್ನಿಸುತ್ತಿತ್ತು.

ಮೊದಲು ಶಾಸ್ತ್ರದ ನಿಲುವು. ಮೂಲಾಚಾರವು ಮುನಿಗಳ ಆಹಾರಕ್ಕೆ 32 ಅಂತರಾಯಗಳನ್ನು ಹೇಳುತ್ತದೆ. ಉಗುರು, ಕೂದಲು, ಸತ್ತ ಜಂತು ಮೊದಲಾದ 14 ಮಲಗಳನ್ನು ಬೇರೆಯಾಗಿಯೇ ಎಣಿಸುತ್ತದೆ. ಅದು ಯತಿಗಳ ಮಾತಾಯಿತು. ಗೃಹಸ್ಥನಿಗೆ ಸಂಬಂಧಿಸಿದ ಮೂಲಸೂತ್ರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಲ್ಲಿ ಹಿಂಸೆಯೆಂದರೆ ಬರಿಯ ಪ್ರಾಣಹರಣವಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಆಗುವ ಪ್ರಾಣಹರಣ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ನಿಷ್ಠುರವಾಗಿ ಹೇಳಿದ್ದಾರೆ: ಜೀವವು ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ, ಸಮಿತಿಯುಳ್ಳ ಎಚ್ಚರಿಕೆಯವನಿಗೆ ಬಾಹ್ಯ ಹಿಂಸೆಮಾತ್ರದಿಂದ ಬಂಧವಿಲ್ಲ.

ಈ ಸೂತ್ರದ ಮುಂದೆ ನನ್ನ ಮೊಕದ್ದಮೆಯನ್ನು ಇಟ್ಟರೆ ನನಗೆ ಅರ್ಧ ಬಿಡುಗಡೆ ಸಿಗುತ್ತದೆ. ನೋಡಿದ್ದೆ, ಕಾಣಲಿಲ್ಲ. ಹುಳುವಿನ ಬಣ್ಣವೂ ತಿರುಳಿನ ಬಣ್ಣವೂ ಒಂದೇ ಆಗಿತ್ತು, ಬೆಳಕು ಕಡಿಮೆಯಿತ್ತು. ಕಡಿಮೆ ಬೆಳಕಿನಲ್ಲಿ ಹೆಚ್ಚಿದ್ದೇ ಪ್ರಮಾದವೆಂದು ವಾದಿಸಬಹುದು, ವಾದಿಸಬೇಕು ಕೂಡ. ಆದರೆ ವಿಚಾರಣೆ ಯಾವ ಕಡೆಗೆ ಮುಗಿದರೂ ಅದು ನನ್ನ ಬಂಧ–ಮೋಕ್ಷಗಳ ವಿಚಾರಣೆ. ಸತ್ತದ್ದು ಸತ್ತೇ ಇದೆ. ಕರ್ತೃವಿನ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಬರೆದಿಟ್ಟ ಪರಂಪರೆ ಹುಳುವಿನ ಲೆಕ್ಕವನ್ನು ಮರೆತಿತೇ? ಮರೆತಿಲ್ಲವೆಂದು ನನ್ನ ನಂಬಿಕೆ; ನಾವು ಓದುವುದರಲ್ಲಿ ಮರೆತಿದ್ದೇವೆ. ಅದಕ್ಕೆ ಆಧಾರವಾಗಿ ಪಂಚ ಉದುಂಬರಗಳ ತ್ಯಾಗವನ್ನು ತೆಗೆದುಕೊಳ್ಳೋಣ.

ಶ್ರಾವಕನ ಅಷ್ಟಮೂಲಗುಣಗಳನ್ನು ಎಲ್ಲ ಆಚಾರ್ಯರೂ ಒಂದೇ ಬಗೆಯಾಗಿ ಹೇಳಿಲ್ಲ. ಸಮಂತಭದ್ರರು ರತ್ನಕರಂಡಕದಲ್ಲಿ ಐದು ಅಣುವ್ರತಗಳನ್ನೂ ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ಸೇರಿಸಿ ಎಂಟೆಂದರು. 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ಸೋಮದೇವಸೂರಿಗಳೂ ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಸೂರಿಗಳೂ ಅಣುವ್ರತಗಳ ಸ್ಥಾನದಲ್ಲಿ ಐದು ಹಣ್ಣುಗಳನ್ನು ಇರಿಸಿದರು: ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ. ಸತ್ಯ, ಅಚೌರ್ಯಗಳು ಇದ್ದ ಕಡೆ ಹಣ್ಣುಗಳು ಬಂದುದನ್ನು ಕಂಡು ಕೆಲವು ವಿದ್ವಾಂಸರು ಇದು ಆಚಾರದ ಇಳಿಮುಖವೆಂದು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಣುವ್ರತಗಳ ಹೊಸಿಲನ್ನು ಇನ್ನೂ ದಾಟದವನಿಗೂ ಒಂದು ಮೊದಲ ಮೆಟ್ಟಿಲು ಬೇಕು. ಒಂದು ಹಣ್ಣನ್ನು ಕೈಯಲ್ಲಿ ಹಿಡಿದು 'ಇದರೊಳಗೆ ಯಾರೋ ಇದ್ದಾರೆ' ಎಂದು ಕೆಳಗಿಡುವುದಕ್ಕಿಂತ ಸರಳವಾದ ಮೊದಲ ಪಾಠ ಯಾವುದು?

ಈ ಐದೂ ಹಣ್ಣುಗಳು ಒಂದೇ ಕುಲದವು. ಅವುಗಳಲ್ಲಿ ತ್ರಸಜೀವಗಳು ತುಂಬಿರುತ್ತವೆಂದು ಆಚಾರ್ಯರು ಹೇಳಿದರು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಆಲದ ಚಿಕ್ಕ ಕೆಂಪು ಹಣ್ಣನ್ನೂ ಅತ್ತಿಯ ದಪ್ಪ ಹಣ್ಣನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ನೋಟ ಸಾಮಾನ್ಯವಾದುದಲ್ಲ.

ನಾನು ಮುಂದೆ ದಾಂಡೇಲಿಯಲ್ಲಿ ಶಿಕ್ಷಕನಾಗಿ ಕೆಲವು ವರ್ಷ ಇದ್ದೆ. ಕಾಳಿ ನದಿಯ ದಂಡೆಯ ಮೇಲೆ ಅತ್ತಿಯ ಮರಗಳಿಗೆ ಕೊರತೆಯಿಲ್ಲ. ಒಮ್ಮೆ ಮಕ್ಕಳು ಆಗತಾನೆ ಕೆಂಪೇರುತ್ತಿದ್ದ ಹಣ್ಣೊಂದನ್ನು ಎರಡು ಹೋಳು ಮಾಡಿದರು. ಒಳಗಿನಿಂದ ಸಾಸಿವೆಗಿಂತ ಚಿಕ್ಕ ರೆಕ್ಕೆಯ ಹುಳುಗಳು ಹೊಗೆಯಂತೆ ಎದ್ದು ಹೋದವು. ಅತ್ತಿಯ ಹಣ್ಣನ್ನು ಬಿಚ್ಚಿದರೆ ಹುಳುವೇ ಎಂಬರ್ಥದ ಗಾದೆ ನಮ್ಮಲ್ಲಿದೆ. ಮೇಲೆ ಥಳಕು, ಒಳಗೆ ಕೊಳಕು ಎಂಬಲ್ಲಿ ಅದನ್ನು ಬಳಸುತ್ತೇವೆ. 'ಹುಳುಕು' ಎಂಬ ಮಾತೇ ಹುಳುವಿನಿಂದ ಹುಟ್ಟಿ ದೋಷವೆಂಬ ಅರ್ಥವನ್ನು ಪಡೆದಿದೆ. ಆದರೆ ಅತ್ತಿಯಲ್ಲಿ ಹುಳು ದೋಷವಲ್ಲ. ಜೀವಶಾಸ್ತ್ರಜ್ಞರು ಕಂಡುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಅತ್ತಿ 'ಹೂ ಬಿಡದ ಮರ' ಎಂಬುದು ತಪ್ಪು. ನಾವು ಕಾಯಿ ಎನ್ನುವುದೇ ಹೂಗೊಂಚಲು. ನೂರಾರು ಹೂಗಳು ಒಳಮುಖವಾಗಿ ಅರಳಿವೆ. ಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ಒಂದು ಕಿಂಡಿ. ಮೈತುಂಬ ಪರಾಗ ಹೊತ್ತ ಹೆಣ್ಣು ಕಣಜವೊಂದು ಆ ಕಿಂಡಿಯಲ್ಲಿ ನುಸುಳುತ್ತದೆ. ನುಸುಳುವಾಗ ಅದರ ರೆಕ್ಕೆಗಳು ಮುರಿದು ಹೊರಗೇ ಉಳಿಯುತ್ತವೆ. ಒಳಗೆ ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಉಳಿದವಕ್ಕೆ ಪರಾಗವನ್ನು ತಲುಪಿಸಿ ಅಲ್ಲಿಯೇ ಸಾಯುತ್ತದೆ. ಮರಿಗಳಲ್ಲಿ ಗಂಡು ಮೊದಲು ಹೊರಬರುತ್ತದೆ. ರೆಕ್ಕೆಯಿಲ್ಲದ ಆ ಗಂಡು ಹೆಣ್ಣುಗಳೊಡನೆ ಕೂಡಿದ ಮೇಲೆ, ಅವು ಹೊರಹೋಗಲು ಹಣ್ಣಿನ ಗೋಡೆಯನ್ನು ಕೊರೆದು ಸುರಂಗ ಮಾಡಿ ಸಾಯುತ್ತದೆ. ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಆ ದಾರಿಯಿಂದ ಬೇರೊಂದು ಮರಕ್ಕೆ ಹಾರುತ್ತವೆ. ಅವುಗಳ ಹೊರಬದುಕು ಒಂದೆರಡು ದಿನದ್ದು. ಅತ್ತಿಗೆ ಒಂದು ಕಣಜ, ಆಲಕ್ಕೆ ಇನ್ನೊಂದು, ಅರಳಿಗೆ ಮತ್ತೊಂದು. ಬಹುಮಟ್ಟಿಗೆ ಒಂದರ ಕಣಜ ಇನ್ನೊಂದಕ್ಕೆ ಒದಗದು. ಈ ಕೊಡುಕೊಳೆ ಆರು ಕೋಟಿ ವರ್ಷಗಳಿಗಿಂತ ಹಳೆಯದೆಂದು ಲೆಕ್ಕ ಹಾಕಿದ್ದಾರೆ. ಹುಳುವಿಲ್ಲದಿದ್ದರೆ ಅತ್ತಿಯ ಬೀಜವಿಲ್ಲ, ಅತ್ತಿಯಿಲ್ಲದಿದ್ದರೆ ಆ ಹುಳುವಿಲ್ಲ.

ಇನ್ನೊಂದು ಸಂಗತಿ. ಕಣಜದ ಆಯುಸ್ಸು ಇಷ್ಟು ಅಲ್ಪವಾದುದರಿಂದ ಕಾಡಿನಲ್ಲಿ ವರ್ಷದ ಯಾವುದೇ ತಿಂಗಳಿನಲ್ಲಿ ಒಂದಲ್ಲ ಒಂದು ಮರ ಕಾಯಿ ಬಿಟ್ಟಿರಲೇಬೇಕು. ಇಲ್ಲವಾದರೆ ಕಣಜದ ಸಂತತಿ ಕಡಿದುಹೋಗುತ್ತದೆ. ಹೀಗಾಗಿ ಬೇರೆ ಮರಗಳು ಬರಿದಾದ ದಿನಗಳಲ್ಲಿಯೂ ಹಕ್ಕಿಪಕ್ಕಿಗಳಿಗೆ ಅತ್ತಿ–ಆಲಗಳ ಅನ್ನವಿರುತ್ತದೆ. ದಾಂಡೇಲಿ–ಜೋಯಿಡಾ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. 2011ರಲ್ಲಿ ದಾಂಡೇಲಿಯಲ್ಲಿ ಅವುಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಆ ದೊಡ್ಡ ಕೊಕ್ಕಿನ ಹಕ್ಕಿ ನುಂಗುವ ಪ್ರತಿ ಹಣ್ಣೂ ಕಣ್ಣಿಗೆ ಕಾಣದ ಹುಳುವೊಂದರ ದುಡಿಮೆ. ಉದುಂಬರ ಫಲವನ್ನು ಶ್ರಾವಕನು ಬಿಟ್ಟದ್ದರಿಂದ ಅದು ವ್ಯರ್ಥವಾಗುವುದಿಲ್ಲ. ಯಾರ ಮನೆಯೋ ಅವರಿಗೆ, ಯಾರ ಊಟವೋ ಅವರಿಗೆ ಉಳಿಯುತ್ತದೆ.

ಇಲ್ಲಿ ಅಮೃತಚಂದ್ರರು ಎತ್ತಿರುವ ಒಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲಾರೆ. ಕಾಲ ಕಳೆದು, ಒಣಗಿ, ತ್ರಸಜೀವಗಳೆಲ್ಲ ಹೋದ ಉದುಂಬರ ಫಲವನ್ನು ತಿನ್ನಬಹುದಲ್ಲವೇ ಎಂದು ಜಾಣನೊಬ್ಬ ಕೇಳಿಯಾನೆಂದು ಅವರಿಗೆ ತಿಳಿದಿತ್ತು. ಆಗಲೂ ಹಿಂಸೆಯೇ, ಏಕೆಂದರೆ ಅಂಥದನ್ನು ತಿನ್ನಿಸುವುದು ವಿಶೇಷವಾದ ರಾಗ ಎಂಬುದು ಅವರ ಉತ್ತರ. ನಮ್ಮ ಮನೆಗಳಲ್ಲಿ ಅಂಜೂರದ ವಿಷಯದಲ್ಲಿ ಈ ಚರ್ಚೆ ನಡೆಯುತ್ತಲೇ ಇರುತ್ತದೆ. ನಮ್ಮ ಕಡೆ ಬೆಳೆಯುವ ಪುಣೆ ತಳಿಯ ಅಂಜೂರ ಕಣಜದ ನೆರವಿಲ್ಲದೆ, ಬೀಜ ಕಟ್ಟದೆ ಹಣ್ಣಾಗುತ್ತದೆ. ತುರ್ಕಿಯಿಂದ ಬರುವ ಸ್ಮಿರ್ನಾ ಬಗೆಗೆ ಕಣಜ ಬೇಕು. ಅಂಗಡಿಯ ಒಣ ಅಂಜೂರದ ಸರದಲ್ಲಿ ಯಾವುದು ಯಾವುದೆಂದು ಹೇಳುವವರಾರು? ಬಿಡುವವರು ಬಿಡುತ್ತಾರೆ, ತಿನ್ನುವವರು ಪುಣೆಯ ಹೆಸರು ಹೇಳಿ ತಿನ್ನುತ್ತಾರೆ. ನಾನು ಬಿಟ್ಟವರ ಗುಂಪಿನವನು. ಅದನ್ನು ದೊಡ್ಡ ತ್ಯಾಗವೆಂದು ಎಂದೂ ಭಾವಿಸಿಲ್ಲ.

ಹುಳು ಹಣ್ಣಿನೊಳಗೆ ಹೇಗೆ ಬಂತು ಎಂಬುದರ ವಿಷಯದಲ್ಲಿ ಹಳೆಯ ಕಾಲದ ಎಲ್ಲ ನಾಡುಗಳೂ ಬಹುಮಟ್ಟಿಗೆ ಒಂದೇ ಮಾತು ಹೇಳಿದ್ದವು: ಅಲ್ಲಿಯೇ ಹುಟ್ಟಿತು. ನಮ್ಮ ಆಗಮಗಳು ವಿಕಲೇಂದ್ರಿಯಗಳ ಜನ್ಮವನ್ನು ಸಮ್ಮೂರ್ಛನವೆಂದು ಕರೆದಿವೆ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯನು ಮಾಂಸದ ಪಾತ್ರೆಗಳಲ್ಲಿ ಕೆಲವನ್ನು ಬಟ್ಟೆಯಿಂದ ಮುಚ್ಚಿ, ಕೆಲವನ್ನು ತೆರೆದಿಟ್ಟು, ಹುಳು ಬರುವುದು ನೊಣವಿಟ್ಟ ಮೊಟ್ಟೆಯಿಂದಲೇ ಎಂದು ತೋರಿಸಿದನು. ಆಶ್ಚರ್ಯವೆಂದರೆ, ಅಷ್ಟು ಎಚ್ಚರಿಕೆಯ ರೆಡಿ ಕೂಡ ಹಣ್ಣಿನೊಳಗಿನ ಹುಳುವಿನ ವಿಷಯದಲ್ಲಿ ಸೋತನು; ಅದನ್ನು ಮರದ ಪ್ರಾಣಶಕ್ತಿಯೇ ಹುಟ್ಟಿಸುತ್ತದೆಂದು ನಂಬಿದನು. ಅಂಥ ಹುಳುಗಳಿಗೂ ಮೊಟ್ಟೆಯೇ ಮೂಲವೆಂದು ಮುಂದೆ ಅವನ ನಾಡಿನವರೇ ತೋರಿಸಿದರು. ಹಣ್ಣಿನ ಗೋಡೆ ಅಷ್ಟು ನಂಬಿಸುವಂಥದು. ಸಮ್ಮೂರ್ಛನದ ಅರ್ಥವನ್ನು ಈ ತಿಳಿವಿನೊಡನೆ ಹೇಗೆ ಹೊಂದಿಸಬೇಕೆಂಬುದನ್ನು ಆಗಮಜ್ಞರಿಗೆ ಬಿಡುತ್ತೇನೆ. ಆಚಾರದ ನಿಯಮ ಅದರಿಂದ ಸಡಿಲವಾಗದು. ಒಳಗಿನ ಜೀವ ಯಾವ ದಾರಿಯಿಂದ ಬಂದಿದ್ದರೂ ಜೀವವೇ. ಅದಕ್ಕೊಬ್ಬ ತಾಯಿಯಿದ್ದಳೆಂದು, ಆಕೆ ಹಣ್ಣನ್ನು ಆಯ್ದು ಅಲ್ಲಿರಿಸಿದಳೆಂದು ತಿಳಿದ ಮೇಲೆ ನಿಯಮದ ಹಿಡಿತ ಬಿಗಿಯಾಗಬೇಕು.

ಮಾವಿನ ಹುಳುವಿನ ವೃತ್ತಾಂತ ಅತ್ತಿಯದಕ್ಕಿಂತ ಬೇರೆ. ಇಲ್ಲಿ ಹುಳುವಿನಿಂದ ಮರಕ್ಕೆ ಉಪಕಾರವಿಲ್ಲ. ಬಲಿತ ಕಾಯಿಯ ಸಿಪ್ಪೆಯನ್ನು ಹಣ್ಣುನೊಣ ತನ್ನ ಸೂಜಿಯಂಥ ಅಂಗದಿಂದ ಚುಚ್ಚಿ ಮೊಟ್ಟೆಗಳನ್ನಿಡುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಒಡೆದು ತಿರುಳನ್ನು ತಿನ್ನತೊಡಗುತ್ತದೆ. ಹಣ್ಣು ಉದುರುತ್ತದೆ, ಬೆಳೆದ ಹುಳು ಹಣ್ಣಿನಿಂದ ಹೊರಬಂದು ಮಣ್ಣಿನಲ್ಲಿ ಒಂದೆರಡು ಬೆರಳಿನಾಳಕ್ಕೆ ಇಳಿದು ಕೋಶ ಕಟ್ಟಿ, ನೊಣವಾಗಿ ಏಳುತ್ತದೆ. ಚುಚ್ಚಿದ ಗುರುತು ಮೊದಮೊದಲು ಕಣ್ಣಿಗೆ ಬೀಳುವುದೇ ಇಲ್ಲ. 1974ರಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡದ್ದು ಇಂಥ ಎಳೆಯ ಮರಿ. ಗೊರಟಿನ ಹುಳು ಇನ್ನೂ ಗುಪ್ತವಾದದ್ದು: ಕಾಯಿ ಗೋಲಿಯಷ್ಟಿರುವಾಗಲೇ ಮೂತಿಹುಳು ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿ ತಿರುಳನ್ನು ಹಾದು ಗೊರಟಿನೊಳಗೆ ಸೇರುತ್ತದೆ, ಹಾದ ದಾರಿ ಮಾಯ್ದುಹೋಗುತ್ತದೆ. ಹೊರಗೆ ನಿಷ್ಕಳಂಕ. ಗೊರಟು ಒಡೆದವನಿಗಷ್ಟೇ ಗೊತ್ತು.

ಹೀಗಿರುವಾಗ ಕಂಡ ಹುಳುವಿಗೆ ನಾವು ಏನು ಮಾಡಬೇಕು? ಉತ್ತರಕ್ಕಾಗಿ ನಾನು ಹಣ್ಣನ್ನು ಬಿಟ್ಟು ನೀರಿನ ಕಡೆಗೆ ತಿರುಗುತ್ತೇನೆ. ನೀರನ್ನು ಸೋಸಿ ಕುಡಿಯುವುದು ನಮ್ಮ ಗುರುತೇ ಆಗಿದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿನವರ ಧರ್ಮದಲ್ಲಿಯೂ ಜಲಶೋಧಕ ವಸ್ತ್ರವು ಭಿಕ್ಷುವಿನ ಪರಿಕರಗಳಲ್ಲೊಂದು. ಆದರೆ ಸೋಸುವುದರಿಂದ ವಿಧಿ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು, ಬಟ್ಟೆಯನ್ನು ಮಗುಚಿ ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದ್ದೋ ಅದೇ ಬಾವಿಗೆ, ಕೊಡವನ್ನು ನೀರಿನ ಮಟ್ಟಕ್ಕಿಳಿಸಿ ಮೆಲ್ಲಗೆ ಬಿಡಬೇಕು. ಉತ್ತರದ ಶ್ರಾವಕರು ಇದನ್ನು ಜೀವಾನಿ ಎನ್ನುತ್ತಾರೆ. ಕೆರೆಯ ಜೀವ ಬಾವಿಗೆ ಸಲ್ಲದು, ಬಾವಿಯದು ಹಳ್ಳಕ್ಕೆ ಸಲ್ಲದು. ಕುಡಿಯುವವನ ಶುದ್ಧಿ ಮಾತ್ರವೇ ಗುರಿಯಾಗಿದ್ದರೆ ಈ ಎರಡನೆಯ ಅರ್ಧದ ಅಗತ್ಯವೇನಿತ್ತು? ಸೋಸಿ ಚೆಲ್ಲಿದ್ದರೆ ಸಾಕಾಗುತ್ತಿತ್ತು.

ಆಯಿಯ ಪ್ರಶ್ನೆಗೆ ನನಗೆ ಇಲ್ಲಿ ಉತ್ತರ ಸಿಕ್ಕಿತು. ಹಣ್ಣಿನ ವಿಷಯದಲ್ಲಿ ನಾವು ವಿಧಿಯ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ಹೆಚ್ಚುತ್ತೇವೆ, ನೋಡುತ್ತೇವೆ, ಹುಳು ಕಂಡರೆ ಹೇಸಿ ಕಸದ ಬುಟ್ಟಿಗೋ ಒಲೆಗೋ ಬಚ್ಚಲಿಗೋ ಎಸೆಯುತ್ತೇವೆ. ತಿನ್ನಲಿಲ್ಲವಾದ್ದರಿಂದ ಹಿಂಸೆಯಾಗಲಿಲ್ಲವೆಂದುಕೊಳ್ಳುತ್ತೇವೆ. ಆ ಹೇಸಿಕೆಗೆ ಅಹಿಂಸೆಯ ಹೆಸರು ಸಲ್ಲದು. ನಮ್ಮ ಮುಂದೆ ಇರುವುದು ಹೊಲಸಲ್ಲ, ಊಟಕ್ಕೆ ಕುಳಿತ ಒಂದು ಜೀವ.

ಇಷ್ಟಕ್ಕೇ ನಿಲ್ಲಿಸಿದ್ದರೆ ಲೇಖನ ಸುಲಭವಾಗುತ್ತಿತ್ತು. ಆದರೆ ಈಗ ಪೇಟೆಯಿಂದ ತಂದ ಹಣ್ಣಿನಲ್ಲಿ ಹುಳುವೇ ಕಾಣುವುದು ಅಪರೂಪವಾಗಿದೆ. ಅನೇಕ ಶ್ರಾವಕ ಬಂಧುಗಳು ಇದನ್ನು ಸಂತೋಷದಿಂದ ಹೇಳುತ್ತಾರೆ. ಹುಳು ಎಲ್ಲಿಗೆ ಹೋಯಿತೆಂದು ಅವರು ಕೇಳಿದಂತಿಲ್ಲ.

ವಿದೇಶಕ್ಕೆ ಹೋಗುವ ನಮ್ಮ ಮಾವಿನ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆ ತಿಳಿಯಾಗುತ್ತದೆ. ಹಣ್ಣುನೊಣದ ಕಾರಣದಿಂದ ಜಪಾನು ಇಪ್ಪತ್ತು ವರ್ಷ ಬಾಗಿಲು ಮುಚ್ಚಿ, 2006ರಲ್ಲಿ ಬಿಸಿ ಆವಿಯ ಉಪಚಾರದ ಷರತ್ತಿನ ಮೇಲೆ ತೆರೆಯಿತು. ಐರೋಪ್ಯ ಒಕ್ಕೂಟವು 2014ರ ಮೇ ತಿಂಗಳಿನಿಂದ ನಮ್ಮ ಮಾವನ್ನು ನಿಷೇಧಿಸಿ, ಮುಂದಿನ ವರ್ಷದ ಆರಂಭದಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಅಲ್ಲಿಗೆ ಕಳಿಸುವ ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ತಾಸು ಮುಳುಗಿಸಿಡುತ್ತಾರೆ. ಅಮೆರಿಕೆಗೆ 2007ರಿಂದ ವಿಕಿರಣ ಹಾಯಿಸಿದ ಹಣ್ಣು ಹೋಗುತ್ತಿದೆ. ಆ ವಿಕಿರಣ ಹುಳುವನ್ನು ಕೂಡಲೇ ಕೊಲ್ಲಬೇಕೆಂದಿಲ್ಲ. ಅದು ಬೆಳೆಯದಂತೆ, ಸಂತತಿ ಮುಂದುವರಿಯದಂತೆ ಮಾಡಿದರೆ ಸಾಕು. ನಾನು ನಾಲ್ಕು ಹಣ್ಣುಗಳಿಗೆ ಅರಿಯದೆ ಮಾಡಿದ್ದನ್ನು ಇವರು ಲಕ್ಷಾಂತರ ಹಣ್ಣುಗಳಿಗೆ ಅರಿತು ಮಾಡುತ್ತಾರೆ. ಊರಿನ ಪೇಟೆಗೆ ಬರುವ ಹಣ್ಣಿಗೆ ಇಷ್ಟೆಲ್ಲ ಇಲ್ಲವಾದರೂ ಅದರ ಹಿಂದೆ ಸಿಂಪಡಣೆಯುಂಟು, ಮೋಹಕ ಬಲೆಗಳುಂಟು. ಮೀಥೈಲ್ ಯುಜೆನಾಲ್ ಎಂಬ ವಾಸನೆಗೆ ಗಂಡು ನೊಣಗಳು ಮುತ್ತುತ್ತವೆ. ಡಬ್ಬಿಯಲ್ಲಿ ಕೀಟನಾಶಕದೊಡನೆ ಅದ್ದಿಟ್ಟ ಮರದ ತುಂಡಿನ ಮೇಲೆ ಕುಳಿತು ಸಾಯುತ್ತವೆ.

ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ನಾವು ಚಿಕ್ಕಂದಿನಿಂದ ಕಂಠಪಾಠ ಮಾಡಿದ್ದೇವೆ. ಹುಳುವಿಲ್ಲದ ಹಣ್ಣನ್ನೇ ಬೇಕೆಂದು ಆಯ್ದು, ಅದಕ್ಕೆ ಹೆಚ್ಚು ಹಣ ಕೊಡುವವನು ಯಾವ ದ್ವಾರದಲ್ಲಿ ನಿಂತಿದ್ದಾನೆ? ಒಂದು ಹುಳು ಕಂಡಾಗ ಹಣ್ಣನ್ನೇ ತ್ಯಜಿಸಿದ ನಮ್ಮ ಹಿರಿಯರಿಗೂ, ಹುಳುವನ್ನು ಬೇರೊಬ್ಬನಿಂದ ಮೊದಲೇ ತೆಗೆಸಿ ನಿರ್ಮಲ ಮನಸ್ಸಿನಿಂದ ತಿನ್ನುವ ನಮಗೂ ಇರುವ ಅಂತರವನ್ನು ಅಳೆದರೆ ಲಾಭ ನಮ್ಮ ಕಡೆಗೆ ಬರುವಂತೆ ತೋರುವುದಿಲ್ಲ. ಹುಳುಕು ಹಣ್ಣು ಒಂದು ಸತ್ಯವನ್ನಾದರೂ ಹೇಳುತ್ತದೆ: ಈ ಮರದ ಕೆಳಗೆ ಯಾರೋ ಬದುಕಿದ್ದರು.

ತೋಟಗಾರನನ್ನು ಕೊಲೆಗಾರನೆನ್ನಲು ನಾನು ಸಿದ್ಧನಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಗೆ ಮೊದಲನೆಯದು ಮಾತ್ರ ಸರ್ವಥಾ ತ್ಯಾಜ್ಯವೆಂದವರು ಸಂಸಾರದ ಕಷ್ಟವನ್ನು ಬಲ್ಲವರು. ಕೆಲವು ವರ್ಷಗಳ ಹಿಂದೆ ಮುಂಡಗೋಡ ತಾಲೂಕಿನ ಒಬ್ಬ ಮಾವಿನ ಬೆಳೆಗಾರನ ತೋಟದಲ್ಲಿ ಈ ಮಾತನ್ನೆತ್ತಿದೆ. ಅವನು ಉದುರಿದ ಹಣ್ಣುಗಳನ್ನು ಬುಟ್ಟಿಗೆ ತುಂಬಿ ಆಳವಾದ ಗುಂಡಿಗೆ ಹಾಕಿಸುತ್ತಿದ್ದ. "ಬಿದ್ದ ಹಣ್ಣು ಹೂಳಲೇಬೇಕ್ರಿ ಮಾಸ್ತರ. ಬಿಟ್ರ ಎಲ್ಲಾ ನೊಣಾ ಆಗಿ ಏಳ್ತಾವ. ನನ್ನ ತ್ವಾಟಾ ಹೋದ್ರ ಹೋಗ್ಲಿ, ಮಗ್ಗಲದವರ ತ್ವಾಟಾನೂ ಹಾಳ ಮಾಡಿದಂಗ ಆಗ್ತೈತಿ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ನನ್ನ ದಯೆಯ ಬೆಲೆಯನ್ನು ಅವನ ನೆರೆಯವನು ತೆರಬೇಕೆಂದು ಹೇಳುವ ಅಧಿಕಾರ ನನಗೆಲ್ಲಿಯದು? ಆದರೂ ನೊಣವನ್ನು ಕೊಲ್ಲಲೆಂದೇ ತೂಗುಹಾಕಿದ ಡಬ್ಬಿಯನ್ನು 'ಉದ್ಯೋಗೀ' ಎಂಬ ಒಂದು ಮಾತಿನಿಂದ ಮುಚ್ಚಿಬಿಡುವುದು ನನಗೆ ತೀರ ಸಲೀಸೆನಿಸುತ್ತದೆ. ಗುಂಡಿ, ಡಬ್ಬಿಗಳಲ್ಲದ ಇನ್ನೊಂದು ದಾರಿಯನ್ನು ಅವನೇ ತೋರಿಸಿದ: ಕಾಯಿ ಮೊಟ್ಟೆಯಷ್ಟಾದಾಗ ಒಂದೊಂದಕ್ಕೂ ಕಾಗದದ ಚೀಲ ಕಟ್ಟುವುದು. ನೊಣ ಚುಚ್ಚಲಾರದು, ಸಾಯುವುದೂ ಇಲ್ಲ, ಬೇರೆಡೆಗೆ ಹೋಗುತ್ತದೆ. ಕೂಲಿ ಮಾತ್ರ ಬಹಳ. ಅವನು ಮನೆಗಿಟ್ಟುಕೊಳ್ಳುವ ಎರಡು ಮರಗಳಿಗಷ್ಟೇ ಕಟ್ಟಿಸುತ್ತಾನೆ. ಬಂದ ಕರ್ಮವನ್ನು ಸುಡುವುದಕ್ಕಿಂತ ಮೊದಲು ಬರುವ ದಾರಿಯನ್ನು ತಡೆಯಬೇಕೆಂದು ಸಂವರವನ್ನು ಕಲಿಸಿದ ಧರ್ಮದವರಿಗೆ ಈ ಕಾಗದದ ಚೀಲ ಅಪರಿಚಿತವಾಗಬಾರದು.

ನಮ್ಮ ಮನೆಯ ಈಗಿನ ರೂಢಿಯನ್ನು ಹೇಳಿ ಮುಗಿಸುತ್ತೇನೆ. ಹಣ್ಣನ್ನು ಹಗಲಿನಲ್ಲಿ, ಬಾಗಿಲ ಬೆಳಕಿನಲ್ಲಿ ಕುಳಿತು ಹೆಚ್ಚುತ್ತೇವೆ. ಬಿಸಿ ಮಾಡುವ ಮುನ್ನ ಹೋಳುಗಳನ್ನು ಬಿಳಿಯ ತಟ್ಟೆಯ ಮೇಲೆ ಹರಡಿ ಮತ್ತೊಮ್ಮೆ ನೋಡುತ್ತೇವೆ. ಹುಳು ಕಂಡರೆ ಆ ಹೋಳನ್ನು ಹುಳುವಿನೊಡನೆಯೇ ಹಿತ್ತಿಲ ಮರದ ಬುಡದ ನೆರಳಿನಲ್ಲಿ, ಸಡಿಲ ಮಣ್ಣಿನ ಮೇಲೆ ಇಡುತ್ತೇವೆ. ಬೆಳೆದ ಹುಳುವಿಗೆ ಮಣ್ಣು ಸಾಕು, ಎಳೆಯದಕ್ಕೆ ಹಣ್ಣೂ ಬೇಕು. "ಇರುವೆ ಬಂದ್ರ ಏನ್ ಮಾಡೂದು, ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ಇರುವೆ ಬರುತ್ತದೆ. ಅದನ್ನು ನಾನು ತಡೆಯಲಾರೆ. ಒಂದು ಅರಳೆಲೆಯನ್ನು ಮೇಲೆ ಮುಚ್ಚಿದೆವು, ಅಷ್ಟೇ.

ಪಕ್ಕದ ಮನೆಯವರಿಗೆ ಐದು ಮಾವಿನ ಮರಗಳಿವೆ. ನಮ್ಮ ಹಿತ್ತಿಲ ಈ ಪದ್ಧತಿಯನ್ನು ಕಂಡು ಅವರು ಎರಡು ಸಲ ಆಕ್ಷೇಪಿಸಿದರು. ಅವರ ಮಾತು ಮುಂಡಗೋಡದ ಬೆಳೆಗಾರನ ಮಾತೇ. ಆದ್ದರಿಂದ ಕಳೆದ ಚೈತ್ರದಲ್ಲಿ ನಾನೂ ಮೊಮ್ಮಗಳೂ ಹಳೆಯ ವೃತ್ತಪತ್ರಿಕೆಗಳಿಂದ ಮುನ್ನೂರು ಚೀಲಗಳನ್ನು ಅಂಟಿಸಿ, ಏಣಿ ಹಾಕಿ ಅವರ ಮರಗಳಿಗೆ ಕಟ್ಟಿಕೊಟ್ಟೆವು. ಕೆಳಗಿನ ಟೊಂಗೆಗಳೆಲ್ಲ ಮುಗಿದವು. ಮೇಲಿನವು ಏಣಿಗೆ ಎಟುಕಲಿಲ್ಲ. ಅವನ್ನು ಗಿಳಿ, ಅಳಿಲು, ನೊಣಗಳಿಗೆ ಬಿಟ್ಟು ಇಳಿದೆವು.